ದೊಡ್ಡಮ್ಮ ತಿನ್ನಿಸಿದ ಕಡಲೆಕಾಯಿ

ಡಾಕ್ಟರು ಪುಟ್ಟಿಯ ಮೊಣಕೈ ಮಡಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದರು. "ಮೊನ್ನೆ ಇಲ್ಲೇ, ನಮ್ಮ ಕಣ್ಣೆದುರಿಗೇ ಕಡಲೆಕಾಯಿ ತಿನ್ನಿಸಿದ್ವಲ್ಲಮ್ಮಾ, ಹೊಸದಾಗಿ ಏನೂ ಎದ್ದಿಲ್ಲ. ಇವಳಿಗೆ ಒಗ್ಗುತ್ತೆ."

ಪುಟ್ಟಿಯ ತಾಯಿ ಟೈಲರಮ್ಮನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. "ಹಾಗಾದ್ರೆ ಆವತ್ತು ಕೈಯೆಲ್ಲ ಕೆಂಪಗೆ ಕಿತ್ತು ಬಂದಿದ್ದು?"

"ಕೆಲವು ಮಕ್ಕಳಿಗೆ ಕಡಲೆಕಾಯಿಂದ ಇಸುಬು ಕೆರಳೋದುಂಟು. ಅದಕ್ಕೇ ತಿನ್ನಿಸಿ ನೋಡಿದ್ದು. ಆಗ ಮುಲಾಮು ದಿನಾ ಹಚ್ತಿದ್ರಾ?"

ಅವಳು ತಲೆ ತಗ್ಗಿಸಿದಳು. ಚರ್ಮ ತೆಳ್ಳಗಾಗುತ್ತದೆ ಎಂದು ಯಾರೋ ಗಿರಾಕಿ ಹೆದರಿಸಿದ್ದೇ ತಡ, ಟ್ಯೂಬನ್ನು ದಾರದ ರೀಲುಗಳ ಹಿಂದೆ ತಳ್ಳಿದ್ದಳು. ಗಂಡನಿಗೂ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಮಗು ರಕ್ತ ಬರುವಂತೆ ಕೆರೆದುಕೊಳ್ಳತೊಡಗಿತು. ಆಗಲೇ ಒಂದು ಸಂಜೆ ಮಗಳನ್ನು ಕರೆತರಲು ಅಕ್ಕನ ಇಸ್ತ್ರಿ ಅಂಗಡಿಗೆ ಹೋದರೆ, ಅಕ್ಕ ಕಡಲೆಕಾಯಿ ಸುಲಿದು, ಸಿಪ್ಪೆ ಊದಿ, ಪುಟ್ಟಿಯ ಬಾಯಿಗಿಡುತ್ತಿದ್ದಳು. ಅಷ್ಟೇ ಸಾಕಾಯಿತು.

"ಹೆತ್ತಿದ್ರೆ ತಾನೇ ನಿಂಗೆ ಗೊತ್ತಾಗೋದು!" ಎಂದು ಗಿರಾಕಿಗಳ ಎದುರಿಗೇ ಅಂದುಬಿಟ್ಟಿದ್ದಳು. ಅಕ್ಕ ಎದ್ದು ಅಂಗಿ ಮಡಚತೊಡಗಿದ್ದಳು. ಆಮೇಲೆ ತಂಗಿಯ ಮನೆ ಕಡೆ ತಲೆ ಹಾಕಿರಲಿಲ್ಲ.

ತಾಯಿ ಮಗಳು ಆಸ್ಪತ್ರೆಯಿಂದ ನೆಟ್ಟಗೆ ಆ ಅಂಗಡಿಗೇ ಹೋದರು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಬಾಗಿಲಲ್ಲಿ ತಾಯಿಗೆ ಮರೆತುಹೋಯಿತು. ಪುಟ್ಟಿಗೆ ಅಂಥ ತೊಂದರೆ ಇರಲಿಲ್ಲ. "ದೊಡ್ಡಮ್ಮಾ, ನಂಗೆ ಕಡಲೆಕಾಯಿ ಒಗ್ಗುತ್ತಂತೆ!"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಮುಲಾಮು ಹಚ್ಚೋದು ನಾನೇ ನಿಲ್ಸಿದ್ದೆ ಅಕ್ಕ. ಅದನ್ನ ನಿನ್ನ ತಲೆಗೆ ಕಟ್ಟಿದೆ."

"ಮಗು ಹುಷಾರಾಯ್ತಲ್ಲ. ಸಾಕು."

"ಆವತ್ತು ನಾನು ಅಂದಿದ್ದು..."

"ಒಳಗೆ ಬಾ. ಬರೋರಿಗೆ ಅಡ್ಡ ನಿಂತಿದ್ದೀಯ."

ಪುಟ್ಟಿ ಎತ್ತಿಕೊಳ್ಳೆಂದು ಎರಡೂ ತೋಳು ಚಾಚಿದಳು. ಅಕ್ಕ ಬಗ್ಗಿದವಳು, ಆವತ್ತು ಕಡಲೆಕಾಯಿ ಸುಲಿದಿದ್ದ ತನ್ನ ಕೈಗಳನ್ನು ನೋಡಿಕೊಂಡು ಅರ್ಧಕ್ಕೇ ನಿಂತಳು. ಸೀರೆಗೆ ಅಂಗೈ ಒರೆಸಿಕೊಂಡಳು. ಸಾಲದೆನಿಸಿತೇನೋ, ಮೂಲೆಯ ನಲ್ಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಮತ್ತೆ ಸೋಪು ತೆಗೆದುಕೊಂಡಳು.

"ಸಾಕು ಅಕ್ಕ," ಎಂದಳು ತಂಗಿ.

ಅಕ್ಕ ಬೆರಳ ಸಂದುಗಳನ್ನು ಒಂದೊಂದಾಗಿ ಉಜ್ಜುತ್ತಲೇ ಇದ್ದಳು. ಪುಟ್ಟಿ ಚಾಚಿದ ತೋಳು ಇಳಿಸದೆ ಕಾಯುತ್ತಿದ್ದಳು.