ನಲವತ್ತೈದು ಎಲ್ಲಿಂದ?

ವಿಮಾನ ನಿಲ್ದಾಣದಲ್ಲಿ ನಾನು ಸರ್ವೆಯರ್. ಸುತ್ತಲಿನ ಯಾವ ಬೀದಿಯಲ್ಲಿ ಎಷ್ಟು ಎತ್ತರದವರೆಗೆ ಕಟ್ಟಬಹುದು ಎಂಬ ನಕ್ಷೆ ಮಾಡಿ ನಗರಸಭೆಗೆ ಕಳಿಸುವುದು ನನ್ನ ಕೆಲಸ. ಹೋದ ವರ್ಷದ ನಕ್ಷೆಯಲ್ಲಿ, ಹೊಲಿಗೆ ಅಂಗಡಿಯ ಟೇಲರಮ್ಮನ ಬೀದಿಗೆ ನಲವತ್ತೈದು ಮೀಟರು ಎಂದಿತ್ತು. ಕಳಿಸಿದ ಮಾರನೆಯ ದಿನವೇ ನಗರಸಭೆಯ ಗುಮಾಸ್ತ ಫೋನು ಮಾಡಿದ.

“ಸಾರ್, ಈ ನಲವತ್ತೈದು ಎಲ್ಲಿಂದ?”

ನಾನಾಗ ಯಾರ ಜೊತೆಗೋ ಜಗಳವಾಡಿ ಕುದಿಯುತ್ತಿದ್ದೆ. “ಎಲ್ಲಿಂದ ಅಂದ್ರೆ? ಕಣ್ಣಿಲ್ವೇನಯ್ಯ? ನೋಡ್ಕೋ!” ಎಂದು ಫೋನು ಕುಕ್ಕಿದೆ.

ನೋಡಿಕೊಳ್ಳಲು ನಕ್ಷೆಯಲ್ಲಿ ಏನೂ ಇರಲಿಲ್ಲ. ನಮ್ಮಲ್ಲಿ ಎತ್ತರವೆಂದರೆ ಸಮುದ್ರಮಟ್ಟದಿಂದಲೇ. ಅಷ್ಟು ರೂಢಿಯಾದದ್ದನ್ನು ಬರೆಯುವುದೇಕೆಂದು ನಾನು ಬರೆದಿರಲಿಲ್ಲ. ಆ ಬೀದಿಯ ನೆಲವೇ ಸಮುದ್ರಮಟ್ಟಕ್ಕಿಂತ ಮೂವತ್ತೆಂಟು ಮೀಟರು ಮೇಲಿದೆ. ಕಟ್ಟಲು ಉಳಿದದ್ದು ಏಳೇ. ಗುಮಾಸ್ತ ನೆಲದಿಂದ ನಲವತ್ತೈದು ಎಂದುಕೊಂಡು ಟೇಲರಮ್ಮನ ಮೂರನೆಯ ಅಂತಸ್ತಿಗೆ ಪರವಾನಗಿ ಕೊಟ್ಟ.

ಅದು ಮಿತಿ ಮೀರಿದ್ದು ಗೊತ್ತಾಗಿ ಮೊನ್ನೆ ಅವನೂ ನಾನೂ ಅಳೆಯಲು ಹೋದೆವು. ಮೇಲೆ ನಾಲ್ಕು ಹೊಲಿಗೆ ಯಂತ್ರ, ಸುಣ್ಣದ ವಾಸನೆ ಇನ್ನೂ ಹೋಗದ ಗೋಡೆ. ಮೂಲೆಯಲ್ಲಿ ಆಕೆಯ ನಾದಿನಿ ಗುಂಡಿ ಹಚ್ಚುತ್ತಿದ್ದಳು.

“ಎಷ್ಟು ಜಾಸ್ತಿ?” ಎಂದಳು ಟೇಲರಮ್ಮ.

“ಮೂರು ಮೀಟರು. ಈ ಅಂತಸ್ತು ಪೂರ್ತಿ ಕೆಡವಬೇಕಮ್ಮ,” ಎಂದೆ.

ಆಕೆ ಕತ್ತರಿ ಕೆಳಗಿಟ್ಟಳು. “ನನ್ನ ಕೈಯಲ್ಲಿ ಮೂರು ಮೀಟರು ಹೆಚ್ಚುಕಮ್ಮಿ ಆಗಿದ್ರೆ ಗಿರಾಕಿ ಮುಖಕ್ಕೆ ಉಗೀತಾನೆ. ಯಾರದು ಈ ತಪ್ಪು?”

“ನಂದೇ ಅಕ್ಕಾ,” ಎಂದ ಗುಮಾಸ್ತ.

ಅವನ ಮೇಲೆ ಆಗಲೇ ವಿಚಾರಣೆ ನಡೆಯುತ್ತಿತ್ತು. ವರದಿಯಲ್ಲಿ ‘ಕಾರಣ’ ಎಂಬಲ್ಲಿ ನಾನು ಏನು ಬರೆಯುತ್ತೇನೋ ಅದರ ಮೇಲೆ ಅವನ ಕೆಲಸ ನಿಂತಿತ್ತು. ಊರಿಗೆಲ್ಲ ಬೈಯುವ ನಾನು ವರದಿ ಮಡಚಿಕೊಂಡು ಅವನ ಜೊತೆ ಮೆಟ್ಟಿಲಿಳಿದೆ. ಅರ್ಧ ದಾರಿಯಲ್ಲಿ ತಡೆಯಲಾಗಲಿಲ್ಲ.

“ನಂಗೆ ಫೋನ್ ಮಾಡಿದ್ದನ್ನ ವಿಚಾರಣೆಯಲ್ಲಿ ಯಾಕಯ್ಯ ಹೇಳ್ಲಿಲ್ಲ?”

“ಹೇಳಿ, ನೀವು ಸಿಟ್ಟಾಗಿ, ಮುಂದಿನ ನಕ್ಷೆ ಕೊಡದಿದ್ರೆ? ನಮಗೆ ಬೇರೆ ಯಾರಿದ್ದಾರೆ ಸಾರ್?” ಅವನು ಕೈಗಂಬಿಯನ್ನೇ ನೋಡುತ್ತಿದ್ದ. “ಅವತ್ತೇ ಇನ್ನೊಂದ್ಸಲ ಕೇಳಬೇಕಿತ್ತು. ಎರಡು ದಿನ ನಿಮ್ಮ ನಂಬರ್ ಒತ್ತೋದು, ಕಟ್ ಮಾಡೋದು. ನಿಮ್ಮ ಬಾಯಿಗೆ ಹೆದರಿಬಿಟ್ಟೆ.”

ಎರಡು ದಿನ! ಇವನು ಬೆವರುತ್ತಿದ್ದಾಗ ನಾನು ಹೊಟ್ಟೆತುಂಬ ಉಂಡು ಗೊರಕೆ ಹೊಡೆದಿದ್ದೆ. ನನ್ನ ಮೇಲೇ ಹೇಸಿಗೆಯಾಯಿತು.

ಮೇಲೆ ಹತ್ತಿ ಹೋಗಿ, ಟೇಲರಮ್ಮನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ವರದಿ ಹರವಿ ಬರೆದೆ: ‘ಎತ್ತರ ಸಮುದ್ರಮಟ್ಟದಿಂದ ಎಂದು ನಾನು ನಕ್ಷೆಯಲ್ಲಿ ಬರೆಯಲಿಲ್ಲ. ನಗರಸಭೆಯವರು ಫೋನಿನಲ್ಲಿ ಕೇಳಿದರೂ ಹೇಳದೆ ಬೈದೆ.’ ಕೆಳಗೆ ಸಹಿ ಹಾಕಿದೆ.

“ಸಾರ್, ಬೇಡ,” ಎಂದ ಗುಮಾಸ್ತ.

“ಏನು ಬರೆದ್ರಿ? ಓದಿ,” ಎಂದಳು ಟೇಲರಮ್ಮ.

ಮೆಲ್ಲಗೆ ಓದಿದೆ.

“ಕೇಳಿಸ್ತಿಲ್ಲ. ಬೈಯುವಾಗ ಇಷ್ಟು ಮೆಲ್ಲಗೆ ಬೈದ್ರಾ?”

ಮತ್ತೆ ಓದಿದೆ, ಗಟ್ಟಿಯಾಗಿ. ನಾದಿನಿಯ ಸೂಜಿ ನಿಂತಿತು.

“ಸರಿ,” ಎಂದಳು ಟೇಲರಮ್ಮ. “ಈಗ ಹೇಳಿ, ಗೋಡೆ ಯಾವತ್ತು ಒಡೀತೀರಿ? ಯಂತ್ರ ಇಳಿಸಬೇಕು ನಾನು.”