ಕಾರ್ತಿಕದ ಹಲಸಿನಹಣ್ಣು

ಕಾಶವ್ವ ತನ್ನ ಜೀವಮಾನದಲ್ಲಿ ಆಡಿದ ಸುಳ್ಳುಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಹೆಚ್ಚಿನವು ನೆಗೆಣ್ಣಿಯರ ನಡುವೆ ಆಡಿದವು, ಯಾರಿಗೂ ನೋವು ಮಾಡದಂಥವು. ಆದರೆ ದೀಪಾವಳಿ ಮುಗಿದ ಎಂಟನೆಯ ದಿನ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಆಡಿದ ಸುಳ್ಳು ಮಾತ್ರ ಜೋಳದ ಸುಂಕಿನಂತೆ ಗಂಟಲಲ್ಲೇ ಉಳಿದುಬಿಟ್ಟಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಕಾಶವ್ವ ಮತ್ತು ಅವಳ ಗಂಡ ಲಕ್ಷ್ಮಪ್ಪ ಖಾನಾಪುರದವರು. ಇಬ್ಬರೂ ಈರಣ್ಣ ಮೇಸ್ತ್ರಿಯ ಗ್ಯಾಂಗಿನಲ್ಲಿದ್ದರು. ಗ್ಯಾಂಗ್ ಎಂದರೆ ಹದಿನೈದು ಮಂದಿ, ಎಲ್ಲರೂ ಒಂದೇ ಓಣಿಯವರು. ಬೆಳಗಿನ ರೈಲಿಗೆ ಬುತ್ತಿ ಕಟ್ಟಿಕೊಂಡು ಬೆಳಗಾವಿಗೆ ಬರುವುದು, ಸಂಜೆ ಸಿಮೆಂಟಿನ ಧೂಳು ಝಾಡಿಸಿಕೊಂಡು ಹೋಗುವುದು. ಲಕ್ಷ್ಮಪ್ಪ ಸೆಂಟ್ರಿಂಗ್ ಕೆಲಸದವನು. ಸ್ಲ್ಯಾಬಿಗೆ ಹಲಗೆ ಬಡಿಯುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುವುದು. ಕಾಶವ್ವ ಬುಟ್ಟಿ ಹೊರುತ್ತಿದ್ದಳು.

ಆಗ ಕೆಲಸ ನಡೆದಿದ್ದದ್ದು ಮಹಾಂತೇಶ ನಗರದಲ್ಲಿ. ಅರಿವೆ ವ್ಯಾಪಾರದ ಜಿನಪಾಲ ಎಂಬವರು ಅಂಗಡಿ ಸಾಲಿನ ಕಟ್ಟಡ ಕಟ್ಟಿಸುತ್ತಿದ್ದರು. ಗುತ್ತಿಗೆ ಬಸವಪ್ರಸಾದನದು. ಎರಡನೆಯ ಮಹಡಿಯ ಹಲಗೆ ಬಿಚ್ಚುವಾಗ ಲಕ್ಷ್ಮಪ್ಪ ನಿಂತಿದ್ದ ಕಟ್ಟಿಗೆಯ ಪಟ್ಟಿ ಮುರಿಯಿತು. ಹಳೆಯ ಪಟ್ಟಿ, ಮೊಳೆ ತಿಂದು ಜಾಳಾಗಿದ್ದದ್ದು. ಬದಲಿಸಿರೆಂದು ಅವನು ಹಿಂದಿನ ವಾರವೇ ಹೇಳಿದ್ದ. ಕಾಶವ್ವ ಕೆಳಗೆ ಬುಟ್ಟಿ ಇಳಿಸುತ್ತಿದ್ದಳು. ಗಂಡ ಬಿದ್ದದ್ದನ್ನು ಕಣ್ಣಾರೆ ಕಂಡಳು.

ಆಸ್ಪತ್ರೆಯಲ್ಲಿ ಒಳಗೆ ಒಯ್ಯುವ ಮೊದಲು ಕೇಸ್ ಪೇಪರ್ ಬರೆಯುವ ಹುಡುಗಿ, ಹೇಗೆ ಬಿದ್ದರು ಎಂದು ಕೇಳಿದಳು. ಈರಣ್ಣ ಕಾಶವ್ವನ ಕಿವಿಯ ಹತ್ತಿರ ಬಗ್ಗಿದ. ಕೆಲಸದ ಮೇಲೆ ಬಿದ್ದ ಅಂದರೆ ಪೊಲೀಸರು ಬರುತ್ತಾರೆ, ಕಟ್ಟಡ ಬಂದ್ ಆಗುತ್ತದೆ, ಖರ್ಚೆಲ್ಲ ಗುತ್ತಿಗೆದಾರ ಸಾಹೇಬರು ನೋಡಿಕೊಳ್ಳುತ್ತೇನೆ ಅಂದಿದ್ದಾರೆ ಎಂದ. ಕೊನೆಗೆ ಒಂದು ಮಾತು ಸೇರಿಸಿದ. "ಹದಿನೈದು ಮನಿ ಒಲಿ ಐತಿ ತಂಗಿ, ನಿನ್ನ ಬಾಯಾಗ."

ಅತ್ತ ಗಂಡ ನರಳುತ್ತಿದ್ದ. ಇತ್ತ ಹುಡುಗಿ ಪೆನ್ನು ಹಿಡಿದು ಕಾದಿದ್ದಳು. ಕಾಶವ್ವ ಹೇಳಿಬಿಟ್ಟಳು: ಹಲಸಿನ ಗಿಡದ ಮೇಲಿಂದ, ಹಣ್ಣು ಕೊಯ್ಯಲು ಹೋಗಿ.

ಯಾಕೆ ಹಲಸಿನ ಗಿಡ ಎಂದರೆ, ಖಾನಾಪುರದಲ್ಲಿ ಮನುಷ್ಯ ಎತ್ತರದಿಂದ ಬಿದ್ದರೆ ಹಲಸಿನ ಗಿಡದಿಂದಲೇ ಬೀಳಬೇಕು. ಪ್ರತಿ ಬೇಸಿಗೆಗೆ ಒಬ್ಬಿಬ್ಬರು ಹೀಗೆ ಬಿದ್ದು ಕೈಯೋ ಕಾಲೋ ಮುರಿದುಕೊಳ್ಳುತ್ತಾರೆ. ಆ ವರ್ಷ ಪಕ್ಕದ ಮನೆಯವನೇ ಬಿದ್ದಿದ್ದ. ನಾಲಿಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು. ಹುಡುಗಿ ಎಲ್ಲಿಯವಳೋ ಏನೋ, ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡಳು.

ಬಸವಪ್ರಸಾದ ಆಪರೇಷನ್ನಿಗೆ ಕೊಟ್ಟ. ತೊಡೆಗೆ ರಾಡು ಕೂತಿತು. ಆಮೇಲೆ ಒಂದು ಸಲ ಔಷಧಕ್ಕೂ ಕೊಟ್ಟ. ಅಲ್ಲಿಂದ ಮುಂದೆ ಫೋನು ಎತ್ತುವುದನ್ನೇ ಬಿಟ್ಟ. ಮುರಿದ ಎಲುಬು ಕೂಡಿತು, ಆದರೆ ಮೊಣಕಾಲು ಮಡಚಲಿಲ್ಲ. ಮೊಣಕಾಲು ಮಡಚದವನು ಸೆಂಟ್ರಿಂಗ್ ಏರುವುದು ಹೇಗೆ? ಆರು ತಿಂಗಳು ಕಾದು, ಕಾಶವ್ವ ಒಬ್ಬಳೇ ಹೋಗಿ ಬಸವಪ್ರಸಾದನ ಎದುರು ನಿಂತಳು. ಅವನು ಸಿಟ್ಟಾಗಲಿಲ್ಲ. ಮೊಬೈಲಿನಲ್ಲಿ ಆಸ್ಪತ್ರೆಯ ಪೇಪರಿನ ಫೋಟೋ ತೆಗೆದು ತೋರಿಸಿದ.

"ನೀವ ಬರಸೀರಿ ನೋಡ್ರಿ. ಗಿಡದಿಂದ ಬಿದ್ದಾಂವಗ ನಾ ಎಷ್ಟಂತ ಕೊಡ್ಲಿ? ಇಷ್ಟ ದಿನಾ ಕೊಟ್ಟಿದ್ದು ಮನುಷ್ಯತ್ವಕ್ಕ ಅಂತ ತಿಳಕೋರಿ."

ಆ ದಿನ ಬಸ್ಸಿನಲ್ಲಿ ಖಾನಾಪುರದ ತನಕ ಕಾಶವ್ವ ಕಿಟಕಿಯ ಹೊರಗೇ ನೋಡುತ್ತ ಕೂತಳು. ಪಟ್ಟಿ ಮುರಿದದ್ದು ಬಸವಪ್ರಸಾದನ ತಪ್ಪು. ಆದರೆ ಗಂಡನ ಮುಂದಿನ ಬದುಕಿನ ಬಾಗಿಲಿಗೆ ಚಿಲಕ ಹಾಕಿದ್ದು ತನ್ನ ಬಾಯಿ. ಇದನ್ನು ಅವಳು ಲಕ್ಷ್ಮಪ್ಪನಿಗೂ ಹೇಳಲಿಲ್ಲ. ಅವನಿಗೆ ಗೊತ್ತಿತ್ತು, ಅವನೂ ಹೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಮಾತನ್ನು ಸುತ್ತಿ ಬಳಸಿ ನಡೆಯತೊಡಗಿದರು.

ಲಕ್ಷ್ಮಪ್ಪನ ಹೆಸರಿನಲ್ಲಿ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಇತ್ತು. ಅದರ ಮೇಲಾದರೂ ಏನಾದರೂ ಸಿಕ್ಕೀತೆಂದು ಲೇಬರ್ ಆಫೀಸಿಗೆ ಅರ್ಜಿ ಕೊಡಲು ಹೋದಾಗ, ಅಲ್ಲಿದ್ದ ಗುಮಾಸ್ತರೊಬ್ಬರು ಅರ್ಜಿ ತೆಗೆದುಕೊಂಡು, ಇದು ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯ ಮಾತ್ರ, ಗುತ್ತಿಗೆದಾರ ಕೊಡಬೇಕಾದ ಪರಿಹಾರ ಬೇರೆ, ಎರಡನ್ನೂ ಕೇಳಬಹುದು ಎಂದರು. ಕೋರ್ಟಿನ ಆವಾರದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಫೀ ಇಲ್ಲದೆ ವಕೀಲರನ್ನು ಕೊಡುತ್ತಾರೆ, ಹೋಗಿ ಕೇಳಿರಿ ಎಂದೂ ಹೇಳಿದರು.

ಅಲ್ಲಿ ಸಿಕ್ಕ ವಕೀಲೆ ಸ್ನೇಹಲ. ಟಿಳಕವಾಡಿಯವಳು, ಮೂವತ್ತರ ಆಸುಪಾಸು, ಮಾತಿಗಿಂತ ಕಿವಿ ದೊಡ್ಡದು. ಕಾಶವ್ವ ಬಸ್ಸಿನಲ್ಲೇ ನಿರ್ಧಾರ ಮಾಡಿಕೊಂಡು ಬಂದಿದ್ದಳು: ಗಿಡದ ಮಾತು ಎತ್ತುವುದೇ ಬೇಡ. ಆದರೆ ಸ್ನೇಹಲ ಕುರ್ಚಿ ಎಳೆದು ಕೊಟ್ಟು, ಮೊದಲು ನೀರು ಕುಡಿಯಿರಿ ಎಂದಳು. ಕಾಶವ್ವನಿಗೆ ಅನಿಸಿತು, ಡಾಕ್ಟರ ಮುಂದೆ ಗಾಯ ಮುಚ್ಚಿಟ್ಟರೆ ಮದ್ದು ಎಲ್ಲಿಗೆ ಹಚ್ಚುತ್ತಾರೆ? ಎಲ್ಲ ಹೇಳಿಬಿಟ್ಟಳು. ಹೇಳಿ, ಸೆರಗಿನ ಅಂಚು ಹಿಂಡುತ್ತ ಕೂತಳು.

ಸ್ನೇಹಲ ಆಸ್ಪತ್ರೆಯ ಪೇಪರ್ ಓದಿದಳು. ತಾರೀಖು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಕಾಶವ್ವಾರ, ನಮ್ಮ ಆಯೀ ತವರಮನಿ ನಿಮ್ಮ ಖಾನಾಪುರದ ಕಡೇನ, ಜಾಂಬೋಟಿ ಬಾಜೂಕ. ನನಗ ಒಂದ್ ಹೇಳ್ರಿ, ಕಾರ್ತಿಕ ಮಾಸದಾಗ ನಿಮ್ಮ ಗಿಡದಾಗ ಹಣ್ಣ ಎಲ್ಲಿಂದ ಬಂದೂ?"

ಕಾಶವ್ವ ಸೆರಗು ಬಿಟ್ಟು ಬೆರಳು ಮಡಚಿ ತಿಂಗಳು ಎಣಿಸಿದಳು. ಹಲಸು ಹಣ್ಣಾಗುವುದು ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ. ದೀಪಾವಳಿಯ ಹೊತ್ತಿಗೆ ಗಿಡದಲ್ಲಿ ಎಲೆ ಬಿಟ್ಟರೆ ಏನಿರುತ್ತದೆ? ಖಾನಾಪುರದಲ್ಲಿ ಹುಟ್ಟಿದವಳು, ಹಿತ್ತಲಲ್ಲೇ ಗಿಡ ಇಟ್ಟುಕೊಂಡವಳು, ಆರೇಳು ತಿಂಗಳು ಆ ಸುಳ್ಳನ್ನು ಹೊತ್ತು ತಿರುಗಿದ್ದಳು, ಒಮ್ಮೆಯೂ ಹೊಳೆದಿರಲಿಲ್ಲ. ಬಸವಪ್ರಸಾದನಿಗೂ ಹೊಳೆದಿರಲಿಲ್ಲ.

ಸ್ನೇಹಲ ಬಿಡಿಸಿ ಹೇಳಿದಳು. ಆಸ್ಪತ್ರೆಯ ಪೇಪರ್ ಅಂದರೆ ತೀರ್ಪಲ್ಲ, ಅದೂ ಒಂದು ಪುರಾವೆ ಅಷ್ಟೆ. ಅದರಲ್ಲಿದ್ದದ್ದು ಸುಳ್ಳು ಎಂದು ಎದುರಿನವರು ಹೊರಗೆಳೆಯುವ ಮೊದಲು ನಾವೇ ಅರ್ಜಿಯಲ್ಲಿ ಬರೆಯೋಣ, ಯಾರು ಹೇಳಿಸಿದರು, ಯಾಕೆ ಹೇಳಿದಿರಿ ಎಂಬುದನ್ನೂ ಬರೆಯೋಣ. ಕೆಲಸ ಮಾಡುವಾಗ ಪೆಟ್ಟಾದರೆ ಪರಿಹಾರ ಕೊಡುವುದು ಉಪಕಾರವಲ್ಲ, ಕಾನೂನು. ದುಡಿಯುವ ಶಕ್ತಿ ಎಷ್ಟು ಹೋಯಿತೆಂದು ಡಾಕ್ಟರು ಹೇಳುತ್ತಾರೆ, ಅದಕ್ಕೆ ವಯಸ್ಸು ಮತ್ತು ಪಗಾರ ಕೂಡಿಸಿ ಲೆಕ್ಕ ಹಾಕುತ್ತಾರೆ. ಗುತ್ತಿಗೆದಾರನ ಜೊತೆಗೆ ಕಟ್ಟಡದ ಮಾಲೀಕರನ್ನೂ ಸೇರಿಸೋಣ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು, ಅದಕ್ಕಿನ್ನೂ ಬೇಕಾದಷ್ಟು ಹೊತ್ತಿದೆ. ಆದರೆ ಆ ದಿನ ಲಕ್ಷ್ಮಪ್ಪ ಅದೇ ಕಟ್ಟಡದ ಮೇಲಿದ್ದನೆಂದು ತೋರಿಸಬೇಕು. ಹಾಜರಿ ಬರೆದವರು ಯಾರು?

ಹಾಜರಿ ಬರೆದವನು ಈರಣ್ಣ.

ಕಾಶವ್ವ ಅದೇ ದಿನ ಸಂಜೆ ಅವನ ಮನೆಗೆ ಹೋದಳು. ಈರಣ್ಣ ಕಟ್ಟೆಯ ಮೇಲೆ ಕೂತಿದ್ದ; ವಿಷಯ ಕೇಳುತ್ತಲೇ ಎಲೆಯಡಿಕೆಯ ಚೀಲದ ಕಡೆ ಮುಖ ತಿರುಗಿಸಿದ. ಬಸವಪ್ರಸಾದನ ಕೈಯಲ್ಲಿ ಇನ್ನೂ ಎರಡು ಕಟ್ಟಡ ಇವೆ, ಗ್ಯಾಂಗಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ, ಮೇಸ್ತ್ರಿಯೇ ಕೋರ್ಟಿಗೆ ಹೋದ ಅಂದರೆ ಬೆಳಗಾವಿಯ ಗುತ್ತಿಗೆದಾರರೆಲ್ಲ ಹೆಸರು ಕೇಳಿ ಹಿಂದೆ ಸರಿಯುತ್ತಾರೆ ಎಂದು ಒಂದೊಂದೇ ಹೇಳಿದ. ಯಾವುದೂ ಸುಳ್ಳಲ್ಲ. ಕಾಶವ್ವ ಎಲ್ಲಕ್ಕೂ ಹೌದು ಹೌದು ಎಂದಳು.

"ಆದ್ರ ಅಣ್ಣಾ, ಅವತ್ತ ನೀ ನನಗ ಸುಳ್ಳ ಕೇಳಿದಿ, ನಾ ಕೊಟ್ಟೆ. ಇವತ್ತ ನಾ ಖರೇ ಕೇಳಾಕ ಬಂದೀನಿ. ಅದು ಅದಕ್ಕಿಂತ ಸಸ್ತಾ ಐತಿ."

ಈರಣ್ಣ ಚೀಲದ ದಾರ ಬಿಚ್ಚಿ ಅಡಿಕೆ ಹುಡುಕತೊಡಗಿದ. ಒಳಗಿನಿಂದ ಅವನ ಹೆಂಡತಿ ಸಂಗವ್ವ ಚಹಾದ ಕಪ್ಪು ತಂದು ಕಾಶವ್ವನ ಮುಂದಿಟ್ಟಳು. ಗಂಡನ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ನಾಳೆ ನೀವು ಬಿದ್ರ ಯಾವ ಗಿಡದಿಂದ ಅಂತ ಹೇಳ್ಲಿ? ಈಗ ಹೇಳಿ ಇಡ್ರಿ, ಬಾಯಿಪಾಠ ಮಾಡಕೋತೇನಿ."

ಈರಣ್ಣ ಆಗಲೂ ಬರುತ್ತೇನೆ ಎನ್ನಲಿಲ್ಲ. ಕಾಶವ್ವ ಚಹಾ ಕುಡಿದು ಎದ್ದಳು. ಹೆಚ್ಚು ಎಳೆದರೆ ದಾರ ಹರಿಯುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಕೋರ್ಟು ಕೋರ್ಟಿನ ನಡಿಗೆಯಲ್ಲೇ ನಡೆಯಿತು. ನೋಟೀಸು, ವಾಯಿದೆ, ಮತ್ತೆ ವಾಯಿದೆ. ಲಕ್ಷ್ಮಪ್ಪ ಡಾಕ್ಟರ ಸರ್ಟಿಫಿಕೇಟು ತಂದ. ಅರ್ಜಿ ಹಾಕಿ ಒಂದು ವರ್ಷ ಸಮೀಪಿಸುವ ಹೊತ್ತಿಗೆ ಸಾಕ್ಷಿಯ ದಿನ ಬಂತು. ಈರಣ್ಣನಿಗೆ ತಾರೀಖು ತಿಳಿಸಿದ್ದರು. ಬೆಳಗಿನ ರೈಲಿನಲ್ಲಿ ಅವನು ಕಾಣಲಿಲ್ಲ.

ಕಾಶವ್ವ ಕಟಕಟೆ ಹತ್ತಿದಳು. ಕಂಡದ್ದನ್ನು ಕಂಡಂತೆ ಹೇಳಿದಳು. ಎದುರು ವಕೀಲರು ವಯಸ್ಸಾದವರು, ದನಿ ಏರಿಸುವವರಲ್ಲ. ಆಸ್ಪತ್ರೆಯ ಪೇಪರನ್ನು ಮುಂದಿಟ್ಟು, ಇದನ್ನು ಬರೆಸಿದವರು ನೀವೇ ತಾನೆ ಎಂದರು. ಹೌದೆಂದಳು. ಸುಳ್ಳು ಬರೆಸಿದೆ ಎಂದು ನೀವೇ ಒಪ್ಪುತ್ತೀರಿ. ಹಾಗಾದರೆ ಈಗ ಹೇಳುವುದನ್ನು ಮಾನ್ಯ ನ್ಯಾಯಾಲಯ ಯಾಕೆ ನಂಬಬೇಕು ಎಂದರು.

ಕಾಶವ್ವ ವಕೀಲರನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿದಳು. ಕಟಕಟೆಯ ಕಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಳು.

"ನನ್ನ ನಂಬೂದು ಬ್ಯಾಡ್ರಿ. ಗಿಡಾ ನೋಡ್ರಿ. ಆ ತಿಂಗಳದಾಗ ಹಲಸಿನ ಗಿಡದಾಗ ಕೊಯ್ಯಾಕ ಏನೂ ಇರಂಗಿಲ್ರಿ. ಇಲ್ಲದ ಹಣ್ಣ ಕೊಯ್ಯಾಕ ನನ್ನ ಗಂಡ ಯಾಕ ಏರತಾನ್ರಿ? ಅಷ್ಟ ಹುಚ್ಚ ಇಲ್ರಿ ಆಂವಾ."

ಯಾರೋ ಹಿಂದೆ ನಕ್ಕರು. ಎದುರು ವಕೀಲರು ಪೇಪರಿನ ತಾರೀಖಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಅವರ ಹಿಂದೆ ಕೂತಿದ್ದ ಬಸವಪ್ರಸಾದ ಮೊಬೈಲು ತೆಗೆದು ಫೋಟೋ ದೊಡ್ಡದು ಮಾಡಿ ನೋಡಿದ. ನ್ಯಾಯಾಧೀಶರು ನಗಲಿಲ್ಲ, ಆ ಉತ್ತರವನ್ನು ಪೂರ್ತಿ ಬರೆದುಕೊಳ್ಳಲು ಗುಮಾಸ್ತರಿಗೆ ಹೇಳಿದರು.

ಕಾಶವ್ವ ಇಳಿದು ಬಂದಾಗ ಬಾಗಿಲ ಹತ್ತಿರ ಈರಣ್ಣ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಕೆಂಪು ರಟ್ಟಿನ ಹಾಜರಿ ಪುಸ್ತಕ. ರೈಲು ತಪ್ಪಿತೆಂದು ಬಸ್ಸಿಗೆ ಬಂದನಂತೆ; ತಪ್ಪಿತೋ, ತಪ್ಪಿಸಿಕೊಂಡು ಆಮೇಲೆ ಮನಸ್ಸು ಬದಲಿಸಿದನೋ, ಅವಳು ಕೇಳಲು ಹೋಗಲಿಲ್ಲ. ಅವನು ಕಟಕಟೆಯಲ್ಲಿ ಹತ್ತು ನಿಮಿಷ ನಿಂತ. ಆ ದಿನದ ಹಾಳೆ ತೆಗೆದು ಲಕ್ಷ್ಮಪ್ಪನ ಹೆಸರು ತೋರಿಸಿದ. ಮುರಿದ ಪಟ್ಟಿ ಬಸವಪ್ರಸಾದನದೆಂದು ಹೇಳಿದ. ಗಿಡದ ಮಾತು ಹೇಳಿಸಿದ್ದು ತಾನೇ ಎಂದೂ, ಯಾರೂ ಕೇಳುವ ಮೊದಲೇ, ಹೇಳಿದ.

ಹೊರಗೆ ಪಡಸಾಲೆಯಲ್ಲಿ ಜಿನಪಾಲರು ಬಸವಪ್ರಸಾದನನ್ನು ಮೂಲೆಗೆ ಕರೆದದ್ದನ್ನು ಎಲ್ಲರೂ ನೋಡಿದರು. ಏನು ಮಾತಾಯಿತೆಂದು ಆಮೇಲೆ ಸ್ನೇಹಲಳಿಂದ ತಿಳಿಯಿತು. ಬಿದ್ದ ದಿನ ನಾನೇ ನನ್ನ ಗಾಡಿಯಲ್ಲಿ ಲಕ್ಷ್ಮಪ್ಪನನ್ನು ಆಸ್ಪತ್ರೆಗೆ ಕಳಿಸಿದ್ದೆ, ನಾಳೆ ಕಟಕಟೆಯಲ್ಲಿ ನಿಂತು ಗಿಡದಿಂದ ಬಿದ್ದ ಎಂದು ನಾನಂತೂ ಹೇಳುವುದಿಲ್ಲ ಎಂದರಂತೆ ಅವರು. ಮುಂದಿನ ಲೋಕ ಅದಾಲತ್ತಿಗೆ ಪ್ರಕರಣ ರಾಜಿಗೆಂದು ಹೋಯಿತು. ಸ್ನೇಹಲ ಕಾನೂನಿನ ಲೆಕ್ಕ ಹಾಕಿಟ್ಟುಕೊಂಡಿದ್ದಳು, ಅದರಿಂದ ಹೆಚ್ಚು ಕೆಳಗೆ ಇಳಿಯಗೊಡಲಿಲ್ಲ. ಗುತ್ತಿಗೆದಾರ, ಮಾಲೀಕರು ಇಬ್ಬರೂ ಸೇರಿ ಹಣವನ್ನು ಕೋರ್ಟಿನಲ್ಲೇ ಕಟ್ಟುವುದೆಂದು ಬರೆದಾಯಿತು. ಕೈಗೆ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ ಎಂಬ ಮಾತಿಗೆ ಜಾಗವೇ ಉಳಿಯಲಿಲ್ಲ. ಲಕ್ಷ್ಮಪ್ಪ ಸಹಿ ಹಾಕಿದ. ಲೇಬರ್ ಕಾರ್ಡಿನ ಸಹಾಯ ಆ ಮೊದಲೇ ಬಂದಿತ್ತು. ಅದರಲ್ಲಿ ಮನೆಯ ಮುಂದೆ ಸಣ್ಣ ಹಾರ್ಡ್‌ವೇರ್ ಅಂಗಡಿಗೆ ತಗಡು ಹೊದಿಸಿಯಾಗಿತ್ತು. ಮೊಳೆ, ತಂತಿ, ಹಲಗೆಯ ಗುಣ ಅವನಷ್ಟು ಬಲ್ಲವರು ಯಾರು? ಈಗ ಸರಕು ತುಂಬಬಹುದು.

ಈರಣ್ಣನಿಗೆ ಬಸವಪ್ರಸಾದನ ಕೆಲಸ ಹೋಯಿತು, ಅದು ನಿಜ. ಒಂದು ತಿಂಗಳು ಗ್ಯಾಂಗ್ ಖಾಲಿ ಕೂತಿತು. ಆಮೇಲೆ ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಒಂದು ಹಳೆಯ ಬಂಗಲೆಯ ದುರಸ್ತಿ ಸಿಕ್ಕಿತು. ಈಗ ಹೊಸ ಪಟ್ಟಿ ತರದೆ ಅವನು ಯಾರನ್ನೂ ಮೇಲೆ ಹತ್ತಿಸುವುದಿಲ್ಲವಂತೆ; ಸಂಗವ್ವ ಹತ್ತಿಸಗೊಡುವುದಿಲ್ಲ ಎನ್ನುವುದು ಹೆಚ್ಚು ಸರಿ.

ಸಹಿಯಾದ ದಿನ ಗಂಡ ಹೆಂಡತಿ ಸಂಜೆಯ ಬಸ್ಸು ಹಿಡಿದರು. ಲಕ್ಷ್ಮಪ್ಪ ಮಡಚದ ಕಾಲನ್ನು ದಾರಿಗೆ ಚಾಚಿ ಕೂತ. ಕಾಶವ್ವ ಕಿಟಕಿಯ ಕಡೆ. ಬೆಳಗಾವಿ ದಾಟುವುದರೊಳಗೆ ಅವಳ ತಲೆ ಅವನ ಭುಜಕ್ಕೆ ಬಿತ್ತು.

ಎಚ್ಚರಾದಾಗ ಹೊರಗೆ ಗೊತ್ತಿಲ್ಲದ ಅಂಗಡಿಗಳು. ಖಾನಾಪುರ ಹಿಂದೆ ಬಿದ್ದು ಬಸ್ಸು ನಂದಗಡಕ್ಕೆ ಬಂದು ನಿಂತಿತ್ತು. ಕಂಡಕ್ಟರ್ ಎದುರಿಗೆ ನಿಂತು ಗೊಣಗುತ್ತಿದ್ದ: ಅಕ್ಕನವರಿಗೆ ಹೆಂಗಸರ ಟಿಕೆಟ್ಟು, ಪುಕ್ಕಟೆ, ಅವರು ಎಲ್ಲಿ ಇಳಿದರೂ ಚಿಂತೆಯಿಲ್ಲ, ಖಾನಾಪುರದಿಂದ ಮುಂದಿನದಕ್ಕೆ ನೀವು ಮಾತ್ರ ಕೊಡಬೇಕು. ಲಕ್ಷ್ಮಪ್ಪ ಕಿಸೆಯಿಂದ ತೆಗೆದು ಕೊಟ್ಟ.

"ಎಬ್ಬಸಬಾರ್ದಾ?" ಎಂದಳು ಕಾಶವ್ವ, ಸೆರಗು ಸರಿಮಾಡಿಕೊಳ್ಳುತ್ತ.

"ಒಂದೂವರಿ ವರ್ಷಾದ ಮ್ಯಾಲ ಗೊರಕಿ ಹೊಡದಿ," ಎಂದ ಲಕ್ಷ್ಮಪ್ಪ. "ಎಬ್ಬಸಾಕ ಮನಸ ಬರಲಿಲ್ಲ."

ಮರಳುವ ಬಸ್ಸಿಗೆ ಅರ್ಧ ತಾಸು ಇತ್ತು. ನಿಲ್ದಾಣದ ಎದುರಿನ ಗಾಡಿಯಲ್ಲಿ ಬಿಸಿ ಮಿರ್ಚಿ ಭಜಿ ಕರಿಯುತ್ತಿದ್ದರು. ಇಬ್ಬರೂ ನಿಧಾನವಾಗಿ, ಅವನ ಕಾಲಿನ ನಡಿಗೆಗೆ ತಕ್ಕಂತೆ, ಅತ್ತ ನಡೆದರು.