ಕನ್ನಮ್ಮ ತಾನೇ ಬಗ್ಗಿ ಎತ್ತಿಕೊಂಡ ವೀಳ್ಯ

1

ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಕನ್ನಮ್ಮನ ಕಾಲಿನಿಂದ ಶುರುಮಾಡೋಣ ಎಂದುಕೊಂಡೆ. ಒಡೆದ ಹಿಮ್ಮಡಿ, ಬೊಬ್ಬೆ ಎದ್ದು ಒಣಗಿ ಮತ್ತೆ ಎದ್ದ ಅಂಗಾಲು. ಒಂದು ಪುಟ ಬರೆದೆ, ಬಹಳ ಚೆನ್ನಾಗಿ ಬಂತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ನಾಚಿಕೆಯಾಗಿ ಹರಿದು ಹಾಕಿದೆ. (ಸುಳ್ಳು. ಮಡಿಸಿ ಇಟ್ಟಿದ್ದೇನೆ. ಚೆನ್ನಾಗಿ ಬಂದದ್ದನ್ನು ಬರೆಯುವವರು ಯಾರೂ ಹರಿಯುವುದಿಲ್ಲ.)

1, ಮತ್ತೊಮ್ಮೆ

ಸರಿ, ನೆಟ್ಟಗೆ ಹೇಳುತ್ತೇನೆ. ಸಾವಿರದ ಒಂಬೈನೂರ ಅರವತ್ತೇಳು, ಸಾಗರದ ಹೊರಗೊಂದು ಅಕ್ಕಿ ಗಿರಣಿ. ಕುಚ್ಚಲಕ್ಕಿಗೆಂದು ಬೇಯಿಸಿದ ಭತ್ತವನ್ನು ಅಲ್ಲಿ ಸಿಮೆಂಟಿನ ಅಂಗಳದಲ್ಲಿ ಹರಡುತ್ತಾರೆ. ಬೆಳಗಿನಿಂದ ಬಿಸಿಲು ಇಳಿಯುವವರೆಗೆ ಹೆಂಗಸರು ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತ, ಪಾದದಿಂದ ಗೀರುತ್ತ ಭತ್ತ ತಿರುವುತ್ತಾರೆ. ಚಪ್ಪಲಿ ಹಾಕುವಂತಿಲ್ಲ, ಉಣ್ಣುವ ಅನ್ನ. ಇದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಿಲ್ಲ. ಕಾಲಿಡುವ ಮೊದಲು ನಾಲ್ಕು ಕಾಳು ಹೆಕ್ಕಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಕನ್ನಮ್ಮನ ಮನೆಯವರು ಹೊಳೆಯಾಚೆಯ ಊರಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದರು. ಅಣೆಕಟ್ಟಿನ ನೀರು ಬಂತು. ಗದ್ದೆ ಅವರ ಹೆಸರಲ್ಲಿ ಇರಲಿಲ್ಲವಾದ್ದರಿಂದ ಕಾಗದದ ಮೇಲೆ ಅವರದೇನೂ ಮುಳುಗಲಿಲ್ಲ. ಮರುವರ್ಷ ಗಂಡ ತೀರಿಕೊಂಡ. ಉಳಿದವಳು ಮಗಳು ಪುಷ್ಪಿ, ಹದಿನೈದು ತುಂಬಿದವಳು.

(ನಾನಿದನ್ನು ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದೇನೆ. ಕರೆಂಟು ಅವರ ಹೊಳೆಯದು. ಈ ವಾಕ್ಯವನ್ನು ಎಲ್ಲಿ ಹಾಕಿದರೂ ಭಾಷಣದಂತೆ ಕೇಳಿಸುತ್ತದೆ, ಕಂಸದಲ್ಲೇ ಇರಲಿ.)

2

ಗಿರಣಿಯ ಧಣಿ ವಿಘ್ನೇಶ್ವರಯ್ಯ. ಅವರಿಗೊಂದು ಮೀಸೆ ಅಂಟಿಸಿ ಖಳನಾಯಕ ಮಾಡಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು. ಏನು ಮಾಡಲಿ, ಮನುಷ್ಯ ಅಂಗಳದ ಮೂಲೆಯಲ್ಲಿ ದಿನವೂ ಮಜ್ಜಿಗೆ ಇಡಿಸುತ್ತಿದ್ದರು.

ಅವರ ಗಿರಣಿಯಲ್ಲೊಂದು ಪದ್ಧತಿಯಿತ್ತು. ಹಂಗಾಮು ಶುರುವಾಗುವ ದಿನ ಅಂಗಳದ ಅಂಚಿನಲ್ಲಿ, ನೆಲದ ಮೇಲೆ, ಹರಿವಾಣದಲ್ಲಿ ವೀಳ್ಯ ಇಡುತ್ತಿದ್ದರು. ಕೈಗೆ ಕೊಡುವುದಿಲ್ಲ. ಬಂದವಳು ತಾನೇ ಬಗ್ಗಿ ಎಲೆ ಅಡಿಕೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ಮಳೆಗಾಲ ಹಿಡಿಯುವವರೆಗೆ ಮಾತು ಕೊಟ್ಟಂತೆ, ನಡುವೆ ಬಿಟ್ಟುಹೋಗುವಂತಿಲ್ಲ.

ಶಿವಮೊಗ್ಗದಿಂದ ಬಂದ ಲೇಬರ್ ಇನ್ಸ್‌ಪೆಕ್ಟರಿಗೆ ಧಣಿ ಹೇಳಿದ್ದು ಇಷ್ಟು: "ನಾನು ಯಾರನ್ನೂ ಕರಿಯಕ್ಕೆ ಹೋಗಲ್ಲ ಸಾರ್. ವೀಳ್ಯ ಕೈಗೂ ಕೊಡಲ್ಲ. ಬೇಕಾದವ್ರು ತಗೋತಾರೆ, ಬ್ಯಾಡಾದವ್ರು ಮನೆಗೆ ಹೋಗ್ತಾರೆ."

ಇನ್ಸ್‌ಪೆಕ್ಟರು ಕನ್ನಮ್ಮನ ಕಡೆ ತಿರುಗಿದರು.

"ನನ್ನ ಖುಷಿ ಸ್ವಾಮಿ," ಎಂದಳು ಅವಳು. "ನಾನೇ ತಗಂಡಿದ್ದು."

ಅವಳು ಹೇಳಿದ್ದು ನಿಜ. ಆ ನಿಜವನ್ನು ಏನು ಮಾಡುವುದೆಂದು ತಿಳಿಯದೆ ಬಹಳ ದಿನ ಪೆನ್ನು ಮುಚ್ಚಿಟ್ಟಿದ್ದೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಗೆಳೆಯ ಹೇರಂಬನಿಗೆ ಡ್ರಾಫ್ಟ್ ತೋರಿಸಿದೆ. "ಗಿರಣಿ ಇಲ್ದೇ ಇದ್ರೆ ಅವಳಿಗೆ ಇನ್ನೂ ಕಷ್ಟ ಆಗ್ತಿತ್ತು ಮಾರಾಯ. ಇರೋದ್ರಲ್ಲಿ ಒಳ್ಳೇದನ್ನ ಆರಿಸ್ಕಂಡಿದ್ದಾಳೆ. ಫ್ರೀ ಚಾಯ್ಸ್," ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಿಟ್ಟು ಮಾತ್ರ ಬಂತು.

3

ಈ ಹಂಗಾಮಿನ ಮೊದಲ ದಿನ. ಕನ್ನಮ್ಮನ ಅಂಗಾಲಿನ ಹಳೆಯ ಗಾಯ ಕೀವಾಗಿದೆ. ಪುಷ್ಪಿ ಅವ್ವನಿಗೆ ಹೇಳದೆ ಗಿರಣಿಗೆ ಬಂದು ಹರಿವಾಣದ ಮುಂದೆ ನಿಂತಿದ್ದಾಳೆ. ಹಿಂದೆಯೇ ಕನ್ನಮ್ಮ ಕುಂಟುತ್ತ ಬಂದಳು.

"ಮನೀಗೆ ನಡಿ ಮಗಾ."

"ನಿನ್ನ ಕಾಲು ನೋಡ್ಕ ಅವ್ವಾ. ಈ ಸಲ ನಾ ತಗತೀನಿ. ಯಾರೂ ಹೇಳಿ ಬಂದಿದ್ದಲ್ಲ, ನನ್ನ ಖುಷಿ."

"ನಿನ್ನ ಕಾಲು ಹಿಂಗಾಗಾದು ನಾ ನೋಡಲ್ಲ. ನಡಿ ಅಂದ್ನಲ."

ಇಬ್ಬರಲ್ಲಿ ಒಬ್ಬಳ ಕಾಲು ಸುಡಬೇಕು. ಯಾರದೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಪೂರ್ತಿ ಇದೆ. ಇಷ್ಟು ಬರೆದಾಗ ನನಗೆ ಅಳು ಬಂತು, ಕಥೆಗಾರನಿಗೆ ಶೋಭಿಸದ ಅಳು.

4, ಮುಕ್ತಾಯ (ಒಂದನೆಯ ಬಗೆ)

ಇನ್ಸ್‌ಪೆಕ್ಟರು ಗಿರಣಿಗೆ ಬೀಗ ಹಾಕಿಸುತ್ತಾರೆ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ.

(ತಟ್ಟಲಿಲ್ಲ. ನಾನು ಆ ವಾಕ್ಯ ಮುಗಿಸುವಷ್ಟರಲ್ಲಿ ಗಂಟು ಕಟ್ಟಿಕೊಂಡು ತೀರ್ಥಹಳ್ಳಿ ಬಸ್ಸಿಗೆ ನಿಂತಿದ್ದರು. ಅಲ್ಲೂ ಒಂದು ಗಿರಣಿಯಿದೆ. ಅಲ್ಲಿ ಮಜ್ಜಿಗೆ ಇಡುವುದಿಲ್ಲ.)

4, ಮುಕ್ತಾಯ (ಎರಡನೆಯ ಬಗೆ)

ಪುಷ್ಪಿಯನ್ನು ಹೊಸನಗರದ ಹೊಲಿಗೆ ಕ್ಲಾಸಿಗೆ ಸೇರಿಸಿದೆ. ಮೆಷಿನ್ನೂ ಕೊಡಿಸಿದೆ, ಹಾಳೆಯ ಮೇಲೆ ನಾನು ಭಾರಿ ಧಾರಾಳಿ. ಅವಳು ಒಂದು ರವಿಕೆಯ ತೋಳು ಹೊಲಿದು ಎದ್ದುಬಿಟ್ಟಳು.

"ಯಾಕೆ ಎದ್ದೆ?"

"ನಾನಿಲ್ಲಿ ಕೂತಷ್ಟು ಹೊತ್ತೂ ಅವ್ವ ಅಲ್ಲಿ ನಿಂತಿರ್ತಾಳೆ ಮೇಷ್ಟ್ರೇ. ಬರೀವಾಗ ನಿಮಗೆ ಗೊತ್ತಾಗ್ಲಿಲ್ವಾ?" (ಪೆನ್ನು ಹಿಡಿದವರೆಲ್ಲ ಅವಳಿಗೆ ಮೇಷ್ಟ್ರು.)

ಗೊತ್ತಾಗಿತ್ತು. ಒಂದು ಪ್ಯಾರಾದ ಮಟ್ಟಿಗೆ ಮರೆತಿರೋಣ ಎಂದುಕೊಂಡಿದ್ದೆ. ಅವಳು ಸಾಗರದ ಬಸ್ಸು ಹತ್ತಿ ಮತ್ತೆ ಹರಿವಾಣದ ಮುಂದೆ ಬಂದು ನಿಂತಳು.

5

ಕೊನೆಗೆ ನನ್ನಂಥವರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ. "ಓದುಗರೇ, ಈ ಕಥೆಗೆ ಮುಕ್ತಾಯವಿಲ್ಲ. ನಿಮಗೆ ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ," ಎಂದು ಬರೆದು ಕಾಫಿಗೆ ಎದ್ದೆ. ಹಿಂದಿನಿಂದ ಕನ್ನಮ್ಮನ ಧ್ವನಿ ಕೇಳಿಸಿತು.

"ನೀವು ಮುಗ್ಸಲ್ಲ ಅಂದ್ರೆ ನಾವು ಹಿಂಗೇ ನಿಂತಿರ್ಬೇಕು ಮೇಷ್ಟ್ರೇ. ಸಿಮಿಟು ಕಾಯ್ತಾ ಐತೆ."

ನಾನು ಒಂದನೆಯ ಬಗೆ, ಎರಡನೆಯ ಬಗೆ ಎಂದು ಆಡುತ್ತಿದ್ದಾಗ ಹೊತ್ತೇರಿತ್ತು. ಇಬ್ಬರೂ ಒಂದು ಕಾಲು ಬಿಟ್ಟು ಇನ್ನೊಂದರ ಮೇಲೆ ಭಾರ ಹಾಕುತ್ತಿದ್ದರು. ಓಡಿಬಂದು ಕೂತೆ.

"ನಾನೇನು ಬರೀಲಿ, ನೀವೇ ಹೇಳಿ."

ಪುಷ್ಪಿ ಸ್ವಲ್ಪ ಯೋಚಿಸಿ ಹೇಳಿದಳು, "ಒಂಚೂರು ನೆರಳು ಬರೀರಿ."

ಬರೆದೆ: ಮೋಡ ಬಂತು, ಅಂಗಳದ ತುಂಬ ನೆರಳಾಯಿತು.

ಪುಷ್ಪಿ ಅಲ್ಲೇ ಕೂತು ಅವ್ವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕನ್ನಮ್ಮ ಎಳೆದುಕೊಳ್ಳಲಿಲ್ಲ, ಮಗಳ ಹೆಗಲು ಹಿಡಿದು ನಿಂತಳು. ಮಗಳು ಸೆರಗಿನಿಂದ ಕೀವು ಒರೆಸಿದಳು. ಕನ್ನಮ್ಮನ ಮುಖ ಸಡಿಲವಾಯಿತು, ಕಣ್ಣು ಮುಚ್ಚಿದಳು. ಈ ಕಥೆಯಲ್ಲಿ ನನಗೆ ಸಂತೋಷವಾದದ್ದು ಇದೊಂದು ಗಳಿಗೆ. ಇಲ್ಲಿಗೇ ನಿಲ್ಲಿಸಿಬಿಡೋಣ ಎಂದು ಪೆನ್ನಿನ ಮುಚ್ಚಳ ಹುಡುಕಿದೆ.

ಕನ್ನಮ್ಮ ಕಣ್ಣು ಬಿಟ್ಟಳು. ಬಗ್ಗಿ ಅಂಗಳದಿಂದ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಚ್ಚಿ ನೋಡಿದಳು.

"ಮೇಷ್ಟ್ರೇ, ಆ ಮೋಡ ತೆಗೀರಿ."

"ಯಾಕಮ್ಮಾ?"

"ಭತ್ತ ಹಸಿ ಐತೆ. ಬಿಸ್ಲಿಲ್ದಿದ್ರೆ ಮುಗ್ಗು ಹಿಡೀತದೆ. ಆಮೇಲೆ ನಂಗೂ ಕೆಲ್ಸ ಇಲ್ಲ, ಇವಳಿಗೂ ಇಲ್ಲ."

"ನಿನ್ನ ಕಾಲು?"

"ಬಿಸ್ಲು ಬರ್ಲಿ. ನಾನೇ ಕೇಳ್ತಾ ಇದೀನಲ."

ಓದುಗರೇ, ಅವಳನ್ನು ಯಾರೂ ಬಲವಂತ ಮಾಡಿಲ್ಲ. ನಾನು ಮಾಡಿಲ್ಲ, ಧಣಿ ಮಾಡಿಲ್ಲ, ನೀವಂತೂ ಮಾಡಿಲ್ಲ. ನೆರಳಿನ ಆ ಸಾಲನ್ನು ಹೊಡೆದುಹಾಕಲು ಪೆನ್ನು ಎತ್ತಿದ್ದೇನೆ. ಇನ್ನೂ ಹೊಡೆದಿಲ್ಲ. ಪುಷ್ಪಿ ಅವ್ವನ ಕಾಲು ಬಿಟ್ಟಿಲ್ಲ. ಕನ್ನಮ್ಮ ತಲೆಯೆತ್ತಿ ನನ್ನನ್ನೇ ನೋಡುತ್ತ ಬಿಸಿಲಿಗಾಗಿ ಕಾಯುತ್ತಿದ್ದಾಳೆ.